ಮೊಲಗಳನ್ನು ಊರಿಗೆ ತರುವಾಗ: ಯಾವ ಗಾಡಿ, ಯಾವ ಜಾಗ, ಯಾವ ಗೂಡು?

ಮೊಲ ಸಾಕುವವರಿಗೆ ಒಂದಲ್ಲ ಒಂದು ದಿನ ಈ ಕಷ್ಟ ಬರುತ್ತದೆ. ಬಾಡಿಗೆ ಶೆಡ್ ಬಿಡಬೇಕಾಗುತ್ತದೆ. ಇಲ್ಲವೇ ಯಾರೋ ಸಾಕಣೆ ನಿಲ್ಲಿಸುತ್ತಾರೆ, ಹತ್ತು ಮೊಲ ಒಟ್ಟಿಗೆ ಸಿಗುತ್ತವೆ, ಮನೆಯಲ್ಲಿ ಗೂಡು ಮಾತ್ರ ಇರುವುದಿಲ್ಲ. ನಮಗಾದದ್ದು ಮೊದಲನೆಯದು. ಮೈಸೂರಿನ ಹೊರಗೆ ಬಾಡಿಗೆಗೆ ಹಿಡಿದಿದ್ದ ಶೆಡ್ಡನ್ನು ಹತ್ತು ದಿನದಲ್ಲಿ ಖಾಲಿ ಮಾಡಬೇಕಾಯಿತು. ಆರು ಹೆಣ್ಣು, ಎರಡು ಗಂಡು, ಬೆಳೆಯುತ್ತಿರುವ ಎಂಟು ಮರಿ. ಅಷ್ಟನ್ನೂ ಪಾಂಡವಪುರದ ಹತ್ತಿರ ಇರುವ ನಮ್ಮ ಊರಿಗೆ ತಂದು, ಹೊಸ ಶೆಡ್ ಕಟ್ಟುವ ತನಕ ಎಲ್ಲಾದರೂ ಇಡಬೇಕಿತ್ತು. ಅದೂ ಏಪ್ರಿಲ್ ತಿಂಗಳಲ್ಲಿ.

ಆಗ ಮಾಡಿದ ಒಂದು ಆಯ್ಕೆ ತಪ್ಪಿತು, ಒಂದು ಒಳ್ಳೆಯ ಹೆಣ್ಣು ಮೊಲ ಹೋಯಿತು. ಆ ಸಂಕಟ ಇನ್ನೂ ಇದೆ. ಅದಕ್ಕೇ ಗಾಡಿ, ಜಾಗ, ಗೂಡು ಮೂರನ್ನೂ ಒಂದೊಂದಾಗಿ ಹೋಲಿಸಿ ಬರೆಯುತ್ತಿದ್ದೇನೆ. ಎಲ್ಲದರಲ್ಲೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿ ತಂಪಾಗಿರುತ್ತದೆಯೇ?

ಯಾಕೆ ತಂಪು ಅಂದರೆ, ಮೊಲ ನಮ್ಮ ಹಾಗೆ ಬೆವರುವುದಿಲ್ಲ. ಅದರ ಮೈ ಬಿಸಿ ಮಾಮೂಲಾಗಿಯೇ 38.5ರಿಂದ 40 ಡಿಗ್ರಿ ಇರುತ್ತದೆ. ಹೆಚ್ಚಿನ ಬಿಸಿಯನ್ನು ಮುಖ್ಯವಾಗಿ ಕಿವಿಯ ಮೂಲಕ, ಉಸಿರಿನ ಮೂಲಕ ಹೊರಗೆ ಹಾಕಬೇಕು. ಗಾಳಿ 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ಮಂಡ್ಯದ ಕಡೆ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಮೀರುವುದು ಹೊಸದೇನಲ್ಲ. ಚಳಿಯನ್ನು ಮೊಲ ಚೆನ್ನಾಗಿಯೇ ತಡೆಯುತ್ತದೆ. ನಮ್ಮ ಡಿಸೆಂಬರ್ ರಾತ್ರಿಗಳು ಅದಕ್ಕೆ ಹಬ್ಬ ಇದ್ದಂತೆ. ತೇವ, ಎದುರು ಗಾಳಿ ಎರಡೂ ತಾಗದಿದ್ದರೆ ಸಾಕು.

ಯಾವುದರಲ್ಲಿ ತುಂಬಬೇಕು?

ಗೋಣಿಚೀಲದ ಮಾತು ಬೇಡವೇ ಬೇಡ. ಸಂತೆಯಿಂದ ಚೀಲದಲ್ಲಿ ತರುವವರನ್ನು ನೋಡಿದ್ದೇನೆ, ಕರುಳು ಕಿವುಚುತ್ತದೆ. ರಟ್ಟಿನ ಪೆಟ್ಟಿಗೆ ಒಂದೆರಡು ಮರಿಗೆ, ಅರ್ಧ ಗಂಟೆಯ ದಾರಿಗೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಉಚ್ಚೆಗೆ ತಳ ನೆನೆದು ಕಳಚಿಕೊಳ್ಳುತ್ತದೆ. ಕೋಳಿ ಸಾಗಿಸುವ ಪ್ಲಾಸ್ಟಿಕ್ ಪಂಜರದಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಆದರೆ ತಳದ ಕಿಂಡಿ ದೊಡ್ಡದು, ಕಾಲು ಸಿಕ್ಕಿಕೊಳ್ಳುತ್ತದೆ. ಅಂಗಡಿಯಿಂದ ತಂದ ಕೋಳಿ ಪಂಜರವಾದರೆ ರೋಗದ ಭಯವೂ ಇದೆ. ಅದನ್ನೇ ಬಳಸಬೇಕಾಗಿ ಬಂದರೆ ತೊಳೆದು, ಬ್ಲೀಚಿಂಗ್ ನೀರು ಹಾಕಿ, ಒಂದು ದಿನ ಬಿಸಿಲಿಗೆ ಒಣಗಿಸಿ, ತಳಕ್ಕೆ ಚೀಲ ಹಾಸಿ.

ನಮಗೆ ಸರಿಹೋದದ್ದು ಟೊಮೆಟೊ ಕ್ರೇಟು. ನಮ್ಮ ಕಡೆ ಯಾವ ತೋಟದಲ್ಲಿ ಕೇಳಿದರೂ ಎರಡು ದಿನಕ್ಕೆ ಕೊಡುತ್ತಾರೆ. ನಾಲ್ಕೂ ಕಡೆ ಕಿಂಡಿ ಇರುತ್ತದೆ, ತಳ ಗಟ್ಟಿ. ಒಳಗೆ ಒಣ ಹುಲ್ಲು ಹಾಸಿ, ಮೇಲೆ ಜಾಲರಿ ತುಂಡು ಇಟ್ಟು, ನಾಲ್ಕು ಮೂಲೆಯಲ್ಲೂ ಸುತ್ತುತಂತಿ ಬಿಗಿದರೆ ಆಯಿತು. ದೊಡ್ಡ ಮೊಲ ಒಂದು ಕ್ರೇಟಿಗೆ ಒಂದೇ. ಮೊದಲೇ ಜೊತೆಯಲ್ಲಿ ಬೆಳೆದ ಮರಿಗಳನ್ನು ನಾಲ್ಕರಂತೆ ಬಿಡಬಹುದು. ಎಂಥ ಸಾಧು ಗಂಡುಗಳಾದರೂ ಎರಡನ್ನು ಒಟ್ಟಿಗೆ ಹಾಕಬೇಡಿ. ದಾರಿಯಲ್ಲಿ ಕಚ್ಚಾಡಿ ಬೀಜ ಹರಿದುಕೊಂಡದ್ದು ಉಂಟು.

ಎತ್ತುವಾಗ ಕಿವಿ ಹಿಡಿಯಬಾರದು. ಒಂದು ಕೈ ಹೆಗಲ ಮೇಲಿನ ಸಡಿಲ ಚರ್ಮಕ್ಕೆ, ಇನ್ನೊಂದು ಕೈ ಹಿಂಭಾಗದ ಕೆಳಗೆ. ಮೊಲದ ಮೂಳೆ ಹಗುರ, ಹಿಂಗಾಲು ಬಲು ಜೋರು. ಹಿಂಭಾಗಕ್ಕೆ ಆಸರೆ ಇಲ್ಲದೆ ಒದ್ದಾಡಿದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುತ್ತದೆ.

ಯಾವ ಗಾಡಿ?

ಒಂದು ಮೊಲ, ಹತ್ತಿರದ ದಾರಿ ಅಂದರೆ ಬೈಕು ಸಾಕು. ಹಿಂದೆ ಕೂತವರು ಕ್ರೇಟನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಸೈಲೆನ್ಸರ್ ಪಕ್ಕಕ್ಕೆ ಕಟ್ಟಿ ತಂದರೆ ಬಿಸಿ, ಹೊಗೆ ಎರಡೂ ಒಟ್ಟಿಗೆ ತಾಗುತ್ತವೆ. ಬಸ್ಸು ನನಗೆ ಅಷ್ಟು ಇಷ್ಟವಿಲ್ಲ. ಜನ, ಗಲಾಟೆ, ಬಾಗಿಲ ಹತ್ತಿರ ಕಾಲು ತುಳಿತ.

ಕಾರಿದ್ದರೆ ಅದೇ ಎಲ್ಲಕ್ಕಿಂತ ಮೇಲು. ಎಸಿ ಹಾಕಬಹುದು, ಕಣ್ಣ ಮುಂದೆಯೇ ಇರುತ್ತವೆ. ಆದರೆ ನಾಲ್ಕೈದು ಕ್ರೇಟು ಹಿಡಿದರೆ ಹೆಚ್ಚು. ಡಿಕ್ಕಿ ಮುಚ್ಚಿ ಅದರೊಳಗೆ ಇಡಬೇಡಿ. ನಡುವೆ ತಿಂಡಿಗೆ ನಿಲ್ಲಿಸಿ ಕಾರನ್ನು ಬಿಸಿಲಲ್ಲಿ ಬಿಡುವುದೂ ಬೇಡ. ಹತ್ತು ನಿಮಿಷ ಸಾಕು ಅನಾಹುತಕ್ಕೆ.

ಹತ್ತು ಕ್ರೇಟಿದ್ದ ನಮಗೆ ಉಳಿದದ್ದು ಲಗೇಜ್ ಆಟೋ ಇಲ್ಲವೇ ಟಾಟಾ ಏಸ್. ಆಟೋ ಬಾಡಿಗೆ ಕಡಿಮೆ. ಆದರೆ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಬಿಡುತ್ತಿಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು, ಹಂಪು ಜಾಸ್ತಿ, ಹೊತ್ತೂ ಜಾಸ್ತಿ. ರಾಮನಗರ, ಚನ್ನಪಟ್ಟಣದ ಕಡೆಯಿಂದ ಮಂಡ್ಯಕ್ಕೆ ತರುವವರಿಗಂತೂ ಇದು ದೊಡ್ಡ ವ್ಯತ್ಯಾಸ. ಹಾಗಾಗಿ ಇಪ್ಪತ್ತು ಕಿಲೋಮೀಟರ್ ಒಳಗಾದರೆ ಆಟೋ, ಅದಕ್ಕಿಂತ ದೂರವಾದರೆ ಏಸ್ ಅಂತ ನಾನು ಹೇಳುತ್ತೇನೆ. ಏಸ್‌ನ ತಗಡಿನ ತಳ ಕಾಯುತ್ತದೆ. ಅದಕ್ಕೆ ದಪ್ಪಗೆ ಹುಲ್ಲು ಹಾಸಿ. ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಮೇಲಿನದರ ಉಚ್ಚೆ ಕೆಳಗಿನದರ ಮೈಮೇಲೆ ಬೀಳುತ್ತದೆ. ಟಾರ್ಪಾಲನ್ನು ಪೂರ್ತಿ ಬಿಗಿಯದೆ, ನೆರಳಿಗೆ ಮಾತ್ರ ಮೇಲೆ ಕಟ್ಟಿ, ಪಕ್ಕ ಬಿಡಿ.

ಗಾಡಿ ಯಾವುದೇ ಇರಲಿ, ಹೊರಡುವ ಹೊತ್ತು ಸರಿಯಾಗಿರಬೇಕು. ನಾವು ಬೆಳಗಿನ ಜಾವ ಐದಕ್ಕೆ ಹೊರಟೆವು, ಬಿಸಿಲು ಏರುವ ಮೊದಲೇ ಊರು ಸೇರಿದೆವು. ಹೊರಡುವ ಮೊದಲು ಮೊಲಗಳನ್ನು ಉಪವಾಸ ಕೆಡವಬೇಕಿಲ್ಲ. ಮೊಲಕ್ಕೆ ವಾಂತಿ ಆಗುವುದೇ ಇಲ್ಲ, ಅದರ ಹೊಟ್ಟೆ ಖಾಲಿ ಬಿದ್ದರೇ ತೊಂದರೆ. ಕ್ರೇಟಿನಲ್ಲಿ ಒಂದು ಹಿಡಿ ಗರಿಕೆ ಹಾಕಿ. ಒಂದೆರಡು ಗಂಟೆಯ ದಾರಿಗೆ ಹಸಿ ಹುಲ್ಲಿನ ನೀರೇ ಸಾಕು, ಬಟ್ಟಲು ಇಟ್ಟರೆ ಚೆಲ್ಲಿ ಹಾಸು ಒದ್ದೆಯಾಗುತ್ತದೆ.

ಗಬ್ಬದ ಮೊಲದ ವಿಷಯ ಬೇರೆ. ಮೊಲದ ಗಬ್ಬ 30–32 ದಿನ. ಕೊನೆಯ ಹತ್ತು ದಿನದಲ್ಲಿ ಸಾಗಿಸಿದರೆ ಮರಿ ಬಿದ್ದುಹೋಗಬಹುದು, ಇಲ್ಲವೇ ಹೊಸ ಜಾಗದ ಗಾಬರಿಯಲ್ಲಿ ಹಾಕಿದ ಮರಿಗಳನ್ನು ತಾಯಿ ಬಿಟ್ಟುಬಿಡಬಹುದು. ಹೇಗಾದರೂ ಮಾಡಿ ಹಳೆಯ ಜಾಗದಲ್ಲೇ ಒಂದು ಗೂಡು ಉಳಿಸಿಕೊಳ್ಳಲು ಮಾತಾಡಿ. ನಮ್ಮದರಲ್ಲಿ ಒಂದು ಹಾಗಿತ್ತು. ಅದೊಂದನ್ನು ಸ್ನೇಹಿತರ ಮನೆಯಲ್ಲಿ ಬಿಟ್ಟು, ಮರಿಗೆ ತಿಂಗಳಾದ ಮೇಲೆ ತಂದೆವು.

ಎಲ್ಲಿ ಇಡುವುದು?

ಇಲ್ಲೇ ನಾನು ಎಡವಿದ್ದು.

ನಮ್ಮ ಮುಂದೆ ನಾಲ್ಕು ಜಾಗ ಇದ್ದವು. ತಾರಸಿಯ ಮೇಲಿನ ಶೀಟಿನ ಕೋಣೆ, ದನದ ಕೊಟ್ಟಿಗೆ, ಹಿತ್ತಲಿನ ಹೊಂಗೆ ಮರದ ಬುಡ, ದೊಡ್ಡಪ್ಪನ ರೇಷ್ಮೆ ಹುಳು ಮನೆ. ನಾನು ಶೀಟಿನ ಕೋಣೆ ಆರಿಸಿದೆ. ಗೋಡೆ ಗಟ್ಟಿ, ಬಾಗಿಲಿಗೆ ಬೀಗ, ನಾಯಿ ಬೆಕ್ಕು ಹತ್ತುವುದಿಲ್ಲ ಅನ್ನುವ ಧೈರ್ಯ. ಬೆಳಿಗ್ಗೆ ಹೋಗಿ ನೋಡಿದರೆ ತಣ್ಣಗೇ ಇತ್ತು. ಮೂರನೆಯ ದಿನ ಮಧ್ಯಾಹ್ನ ಅಮ್ಮ ನೀರು ಇಡಲು ಹತ್ತಿದಾಗ ಒಂದು ಹೆಣ್ಣು ಉದ್ದಕ್ಕೆ ಚಾಚಿಕೊಂಡು ಬಿದ್ದಿತ್ತು. ಬಾಯಿ ಒದ್ದೆ, ಕಿವಿ ಕೆಂಪಗೆ ಕಾದಿತ್ತು, ಪಕ್ಕೆ ಬಡಬಡ ಹೊಡೆದುಕೊಳ್ಳುತ್ತಿತ್ತು. ಕೆಳಗೆ ತಂದು ಕಿವಿಗೆ ನೀರು ಸವರಿದೆವು. ಉಳಿಯಲಿಲ್ಲ. ಆಚೆ ಈಚೆ ಗೂಡಿನ ಮೊಲಗಳೂ ಮೇವು ಮುಟ್ಟಿರಲಿಲ್ಲ.

ತಗಡು, ಸಿಮೆಂಟ್ ಶೀಟು ಎರಡೂ ಹಗಲೆಲ್ಲ ಬಿಸಿ ಇಳಿಸುತ್ತಲೇ ಇರುತ್ತವೆ. ಕೆಳಗೆ ತಾರಸಿಯ ಕಾಂಕ್ರೀಟೂ ಕಾದಿರುತ್ತದೆ. ಫ್ಯಾನ್ ಹಾಕಿದರೆ ಅದೇ ಬಿಸಿ ಗಾಳಿ ಸುತ್ತುತ್ತದೆ. ನವೆಂಬರ್‌ನಿಂದ ಜನವರಿಯವರೆಗೆ ಆ ಕೋಣೆ ಬಳಸಬಹುದೇನೋ. ಬೇಸಿಗೆಯಲ್ಲಿ, ಎಷ್ಟೇ ಭದ್ರವಾಗಿದ್ದರೂ, ಬೇಡ. ನಾಯಿಯನ್ನು ಜಾಲರಿ ಹಾಕಿ ತಡೆಯಬಹುದು, ಮಾಡಿನ ಬಿಸಿಯನ್ನು ಯಾವ ಬೀಗವೂ ತಡೆಯುವುದಿಲ್ಲ.

ಅವತ್ತು ಸಂಜೆ ದೊಡ್ಡಪ್ಪ ಬಂದು, "ಹುಳ ಹಣ್ಣಾಗಿ ರೇಷ್ಮೆ ಗೂಡು ಮಾರಿ ಆಯ್ತಲ್ಲೋ ಮಗ, ಮನೆ ಸುಮ್ನೆ ಖಾಲಿ ಬಿದ್ದದೆ, ಅಲ್ಲೇ ತಂದು ಮಡುಗು" ಅಂದರು. ಕತ್ತಲಾಗುವ ಮೊದಲೇ ಎಲ್ಲವನ್ನೂ ಅಲ್ಲಿಗೆ ಸಾಗಿಸಿದೆವು. ಮಂಡ್ಯ ಜಿಲ್ಲೆಯಲ್ಲಿ ರೇಷ್ಮೆ ಬೆಳೆಯುವ ಮನೆಗಳು ಬೇಕಾದಷ್ಟಿವೆ, ಹಾಗಾಗಿ ಈ ಜಾಗದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹುಳುವಿಗೂ ಬಿಸಿ ಆಗದು. ಆದ್ದರಿಂದ ಹುಳು ಮನೆಯನ್ನು ಮೊದಲೇ ತಂಪಿಗೆ ಅಂತ ಕಟ್ಟಿರುತ್ತಾರೆ. ಎತ್ತರದ ಮಾಡು, ಎದುರು ಬದುರು ಕಿಟಕಿ, ಹುಳುವಿನ ಮೈಮೇಲೆ ಮೊಟ್ಟೆ ಇಡುವ ಊಜಿ ನೊಣ ಬರದ ಹಾಗೆ ಕಿಟಕಿಗೆಲ್ಲ ಬಲೆ, ಮಾಡಿನ ಮೇಲೆ ತೆಂಗಿನ ಗರಿ, ಸುತ್ತ ಮರ. ಮೊಲಕ್ಕೆ ಬೇಕಾದದ್ದೆಲ್ಲ ಇದೆ. ಇಲಿ ಬರುವ ಕಿಂಡಿಗಳನ್ನೂ ಅವರು ಮುಚ್ಚಿರುತ್ತಾರೆ.

ಆದರೆ ಎರಡು ಎಚ್ಚರಿಕೆ ಇವೆ. ಹುಳು ಮನೆಯನ್ನು ಬೆಳೆಗೆ ಮುಂಚೆ, ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಥರದ ಔಷಧಿ ಹಾಕಿ ಶುದ್ಧ ಮಾಡುತ್ತಾರೆ. ಆ ವಾಸನೆ ಕಣ್ಣಿಗೆ ಚುರ್ರೆನ್ನುವಷ್ಟು ಇದ್ದರೆ ಮೊಲವನ್ನು ಒಳಗೆ ಬಿಡಬಾರದು. ಕಿಟಕಿ ತೆರೆದು, ನೆಲ ತೊಳೆದು, ನೀವೇ ಒಳಗೆ ಹತ್ತು ನಿಮಿಷ ಕೂತು ನೋಡಿ. ಎರಡನೆಯದು, ಅದು ಇನ್ನೊಬ್ಬರ ಅನ್ನದ ಮನೆ. ಮುಂದಿನ ಚಾಕಿ ಹುಳು, ಅಂದರೆ ಎಳೆಯ ಹುಳು, ಬರುವ ದಿನ ಮೊದಲೇ ಕೇಳಿಕೊಳ್ಳಿ. ತೊಳೆದು ಶುದ್ಧ ಮಾಡಲು ಒಂದು ವಾರ ಅವರಿಗೆ ಉಳಿಯುವ ಹಾಗೆ ಖಾಲಿ ಮಾಡಿ. ಮೊಲಕ್ಕೆ ಹೇನು, ಕಜ್ಜಿಯ ಔಷಧಿ ಏನನ್ನೂ ಅದರೊಳಗೆ ಸಿಂಪಡಿಸಬೇಡಿ. ಹುಳು ಬಹಳ ಸೂಕ್ಷ್ಮ, ಗೋಡೆಯ ಮೇಲೆ ಉಳಿದ ಅಂಶಕ್ಕೂ ಬೆಳೆ ಹೋಗಬಹುದು. ಎರಡು ಮೂರು ವಾರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನಾನು ಕಾಣೆ. ಅದಕ್ಕಿಂತ ಹೆಚ್ಚಿಗೆ ನಂಬಿಕೊಳ್ಳುವ ಹಾಗಿಲ್ಲ.

ದನದ ಕೊಟ್ಟಿಗೆಯನ್ನು ಅನೇಕರು ಮೊದಲು ಹೇಳುತ್ತಾರೆ. ಹೆಂಚಿನ ಮಾಡು, ನೀರು ಹತ್ತಿರ, ರಾತ್ರಿ ಯಾರಾದರೂ ಎದ್ದು ಬರುವ ಜಾಗ. ಒಪ್ಪುತ್ತೇನೆ. ತೊಡಕು ಇರುವುದು ಗಾಳಿಯಲ್ಲಿ. ಗಂಜಲದ ಘಾಟು ಮೊಲದ ಮೂಗು, ಎದೆ ಎರಡಕ್ಕೂ ಕೆಟ್ಟದ್ದು. ಸೊಳ್ಳೆಗೆ ಅಂತ ಸಂಜೆ ಬೇವಿನ ಸೊಪ್ಪು, ಬೆರಣಿ ಸುಟ್ಟು ಹೊಗೆ ಹಾಕುತ್ತೇವಲ್ಲ, ಅದು ಇನ್ನೂ ಕೆಟ್ಟದ್ದು. ಸೀನು, ಬಿಳಿ ಸಿಂಬಳ ಕಂಡರೆ ಹೊಗೆಯ ಕಡೆ ನೋಡಿ. ಪಕ್ಕದಲ್ಲಿ ಆಲೆಮನೆ ಇರುವವರೂ ಗಾಳಿ ಬೀಸುವ ದಿಕ್ಕು ನೋಡಿಕೊಳ್ಳಬೇಕು. ಕೊಟ್ಟಿಗೆಯ ಒಂದು ಕಡೆ ಗೋಡೆ ತೆರೆದಿದ್ದು, ಹೊಗೆ ನಿಲ್ಲಿಸಿ ಸೊಳ್ಳೆ ಪರದೆ ಕಟ್ಟುತ್ತೇವೆ ಅನ್ನುವುದಾದರೆ ಕೊಟ್ಟಿಗೆ ನನ್ನ ಲೆಕ್ಕದಲ್ಲಿ ಮೂರನೆಯದು.

ಎರಡನೆಯದು ಮರದ ನೆರಳು. ಹೊಂಗೆ ಸಿಕ್ಕರೆ ಅದೃಷ್ಟ. ಸುಡುವ ಬೇಸಿಗೆಯಲ್ಲೇ ಹೊಸ ಎಲೆ ಹೊತ್ತು ದಟ್ಟವಾಗಿ ನಿಲ್ಲುವ ಮರ ಅದು. ಮಾವು, ಹುಣಸೆಯೂ ಆಗುತ್ತದೆ. ತೆಂಗಿನ ಮರದ ಕೆಳಗೆ ಬೇಡ, ಕಾಯಿ, ಗರಿ ಬೀಳುತ್ತವೆ. ನಾಲ್ಕು ಗಳ ನೆಟ್ಟು, ಮೇಲೆ ತೆಂಗಿನ ಗರಿ ಎರಡು ಪದರ ಹೊದಿಸಿ, ಅದರ ನಡುವೆ ಒಂದು ಟಾರ್ಪಾಲು ಸೇರಿಸಿದರೆ ಮಳೆಗೂ ತಡೆಯುತ್ತದೆ. ಪಡುವಣ ಕಡೆಗೆ ಗೋಣಿ ಪರದೆ ಕಟ್ಟಿ, ಮಧ್ಯಾಹ್ನ ನೀರು ಚಿಮುಕಿಸಿ. ಮಳೆಗಾಲದಲ್ಲಿ ಆ ನೀರು ಬೇಡ, ತೇವ ನಿಂತರೆ ಬೇರೆ ಕಾಯಿಲೆ. ಇಲ್ಲಿ ಕಷ್ಟ ರಾತ್ರಿಯದು. ಬೀದಿನಾಯಿಗಳು ಎರಡು ಮೂರು ಸೇರಿ ಬಂದರೆ ಸುಮ್ನೆ ಕಟ್ಟಿದ ಗೂಡನ್ನು ಉರುಳಿಸಿಬಿಡುತ್ತವೆ. ಮೊಲವನ್ನು ಮುಟ್ಟದಿದ್ದರೂ ಆ ಗಾಬರಿಗೇ ಅದು ಸಾಯಬಹುದು. ಹಾಗಾಗಿ ಗೂಡಿಗೆ ಎರಡು ಅಡಿ ಆಚೆ, ಆಳೆತ್ತರಕ್ಕೆ ಇನ್ನೊಂದು ಸುತ್ತು ಬೇಲಿ ಬೇಕೇ ಬೇಕು. ಹುಳು ಮನೆ ಬಿಟ್ಟ ಮೇಲೆ ನಾವು ಹೊಂಗೆಯ ಕೆಳಗೇ ಬಂದೆವು, ಶೆಡ್ ಮುಗಿಯುವ ತನಕ ಅಲ್ಲೇ ಇದ್ದವು. ಒಂದು ತಿಂಗಳು ಅಂದುಕೊಂಡದ್ದು ನಾಲ್ಕಾಯಿತು. ನೀವೂ ತಾತ್ಕಾಲಿಕ ಅಂದರೆ ಒಂದು ಮಳೆಗಾಲ ಅಂತಲೇ ಲೆಕ್ಕ ಹಾಕಿ ಕಟ್ಟಿ.

ಗೂಡು ಕಟ್ಟುವುದೋ, ಇದ್ದದ್ದರಲ್ಲಿ ಸುಧಾರಿಸುವುದೋ?

ನೆಲಕ್ಕೇ ಬಿಟ್ಟು ಸುತ್ತ ಇಟ್ಟಿಗೆ ಇಡುವುದು ಅಗ್ಗ, ಮೊಲಕ್ಕೂ ಓಡಾಡಲು ಖುಷಿ. ಆದರೆ ಒಂದೇ ರಾತ್ರಿಯಲ್ಲಿ ಬಿಲ ತೋಡಿ ಆಚೆ ಹೋಗುತ್ತವೆ. ಹಿಕ್ಕೆ, ಉಚ್ಚೆಯಲ್ಲೇ ಮೇವು ತಿನ್ನುವುದರಿಂದ ಮರಿಗಳಿಗೆ ರಕ್ತಭೇದಿ ಹತ್ತುತ್ತದೆ. ಬೆಳೆದ ಒಂದೆರಡು ಮೊಲಕ್ಕೆ ನಾಲ್ಕು ದಿನದ ಮಟ್ಟಿಗೆ ಸರಿ.

ಹಳೆಯ ಮೊಟ್ಟೆ ಕೋಳಿ ಪಂಜರ ಕೈಗೆ ಸುಲಭವಾಗಿ ಸಿಗುತ್ತದೆ. ಮೊಟ್ಟೆ ಉರುಳಲಿ ಅಂತ ಅದರ ತಳ ಇಳಿಜಾರು, ಒಂದೊಂದು ಅಂಕಣವೂ ಇಕ್ಕಟ್ಟು. ಮೊಲ ಅದರಲ್ಲಿ ಸರಿಯಾಗಿ ಕೂರಲಾರದು, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಬಿದಿರು, ಮರದ ಪಟ್ಟಿಯ ಗೂಡು ನೋಡಲು ಚಂದ, ತಂಪೂ ಹೌದು. ಹಲ್ಲು ದಿನವೂ ಬೆಳೆಯುವ ಪ್ರಾಣಿ ಮೊಲ, ಎರಡು ತಿಂಗಳಲ್ಲಿ ಕಡಿದು ಕಿಂಡಿ ಮಾಡುತ್ತದೆ. ಉಚ್ಚೆ ಹೀರಿದ ಮರ ಎಷ್ಟು ತೊಳೆದರೂ ನಾರುತ್ತದೆ.

ನಾನು ವೆಲ್ಡ್ ಮೆಶ್ (ಬೆಸೆದ ತಂತಿಯ ಗಟ್ಟಿ ಜಾಲರಿ) ಗೂಡಿಗೇ ಮತ ಹಾಕುತ್ತೇನೆ. ಸುತ್ತಿಗೆ, ಕಟಿಂಗ್ ಪ್ಲೇಯರ್ ಹಿಡಿಯಲು ಬಂದವರು ಮನೆಯಲ್ಲೇ ಕಟ್ಟಬಹುದು. ಶೆಡ್ ಆದ ಮೇಲೆ ಹಾಗೇ ಎತ್ತಿ ಅಲ್ಲಿಗೆ ತೂಗುಹಾಕಿದರೆ ಹಣವೂ ದಂಡವಲ್ಲ. ಒಂದು ದೊಡ್ಡ ಮೊಲಕ್ಕೆ ಎರಡೂವರೆ ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರ ಲೆಕ್ಕ ಹಾಕಿ. ಒಂಟಿ ಗೂಡಿಗೆ ಸುಮಾರು 24 ಚದರ ಅಡಿ ಮೆಶ್ ಬೇಕು. ಸಾಲಾಗಿ ಕಟ್ಟಿದರೆ ನಡುವಿನ ಗೋಡೆ ಉಳಿಯುತ್ತದೆ. ತಳಕ್ಕೆ ಅರ್ಧ ಇಂಚು ಅಗಲ, ಒಂದು ಇಂಚು ಉದ್ದದ ಕಿಂಡಿಯದು, ನುಣುಪು ಭಾಗ ಮೇಲೆ. ಅದರಲ್ಲಿ ಹಿಕ್ಕೆ ಕೆಳಗೆ ಬೀಳುತ್ತದೆ, ಕಾಲು ಇಳಿಯುವುದಿಲ್ಲ. ಪಕ್ಕಕ್ಕೆ ಒಂದು ಇಂಚು ಅಗಲ, ಎರಡು ಇಂಚು ಉದ್ದದ್ದು ಸಾಕು, ಮರಿ ಹಾಕುವ ಹೆಣ್ಣಿನ ಗೂಡಿಗೆ ಮಾತ್ರ ಪಕ್ಕಕ್ಕೂ ಅರ್ಧ ಇಂಚಿನದೇ ಹಾಕಿ. ಮರಿ ಜಾರಿ ಬೀಳುವುದಿಲ್ಲ, ಹಾವು, ಇಲಿ ನುಗ್ಗುವುದಿಲ್ಲ. ಆರು ಮೂಲೆಯ ತೆಳು ಕೋಳಿ ಜಾಲರಿ ಹೊರಬೇಲಿಗೂ ಸಾಲದು, ನಾಯಿ ಹಲ್ಲಿಗೆ ಅದು ಹರಿದುಹೋಗುತ್ತದೆ. ಗೂಡಿನೊಳಗೆ ಒಂದು ಮೂಲೆಗೆ ಹಲಗೆ ತುಂಡು ಇಡಿ, ಕಾಲಿಗೆ ಆರಾಮ.

ಸೊಂಟದ ಎತ್ತರಕ್ಕೆ ಇರಲಿ. ಗೂಡಿನ ಕಾಲುಗಳನ್ನು ನೀರು ತುಂಬಿದ ಡಬ್ಬಿಯಲ್ಲಿ ಇಟ್ಟು, ಮೇಲೆ ನಾಲ್ಕು ಹನಿ ಹಳೆ ಎಂಜಿನ್ ಆಯಿಲ್ ಬಿಡಿ. ಹುಟ್ಟಿದ ಮರಿಗೆ ಕೂದಲಿಲ್ಲ, ಕಣ್ಣು ತೆರೆಯಲು ಹತ್ತು ದಿನ ಬೇಕು. ಕೆಂಪಿರುವೆ ಮುತ್ತಿದರೆ ಬೆಳಗಾಗುವಷ್ಟರಲ್ಲಿ ಒಂದೂ ಉಳಿಯುವುದಿಲ್ಲ. ಕೆಳಗೆ ಬೀಳುವ ಹಿಕ್ಕೆಗೆ ಭತ್ತದ ಹೊಟ್ಟು, ಒಣಗಿದ ಕಬ್ಬಿನ ರಚ್ಚು (ರಸ ಹಿಂಡಿದ ಸಿಪ್ಪೆ) ಹರಡಿ. ವಾರಕ್ಕೊಮ್ಮೆ ಎತ್ತಿ ತೆಂಗಿನ ಬುಡಕ್ಕೆ ಹಾಕಬಹುದು, ಮೊಲದ ಹಿಕ್ಕೆ ಬೇರು ಸುಡುವುದಿಲ್ಲ.

ಮೇವು, ಮೊದಲ ದಿನಗಳು

ಹಳೆಯ ಜಾಗದಿಂದ ಹತ್ತು ದಿನದ ತಿಂಡಿ ತಂದಿಟ್ಟುಕೊಳ್ಳಿ. ಜಾಗ, ಮೇವು ಎರಡನ್ನೂ ಒಂದೇ ದಿನ ಬದಲಿಸಿದರೆ ಹೊಟ್ಟೆ ಕೆಡುವುದು ಖಂಡಿತ. ಮೊದಲ ಮೂರು ದಿನ ಹಳೆಯದೇ, ಆಮೇಲೆ ಕಾಲುಭಾಗ ಹೊಸದು, ಹೀಗೆ ಏರಿಸುತ್ತಾ ಹೋಗಿ. ನಮ್ಮ ಕಡೆ ಸಿಗುವುದರಲ್ಲಿ ಹಿಪ್ಪುನೇರಳೆ ಸೊಪ್ಪಿಗೆ ಸಾಟಿ ಇಲ್ಲ, ಆದರೆ ತೋಟಕ್ಕೆ ಔಷಧಿ ಹೊಡೆದದ್ದು ಯಾವಾಗ ಅಂತ ಕೇಳಿಯೇ ಕೊಯ್ಯಿರಿ. ಕುದುರೆ ಮಸಾಲೆ (ಲೂಸರ್ನ್ ಮೇವು), ಅಗಸೆ ಮರದ ಸೊಪ್ಪು, ಗರಿಕೆ ಒಳ್ಳೆಯವು. ಕಬ್ಬಿನ ಸೋಗೆ ತಿನ್ನುತ್ತವೆ, ಸತ್ವ ಕಡಿಮೆ. ಮಂಜು ಒದ್ದೆಯ ಸೊಪ್ಪನ್ನು ಒಂದು ಗಂಟೆ ನೆರಳಲ್ಲಿ ಆರಿಸಿ ಕೊಡಿ. ಒಣ ಹುಲ್ಲು ದಿನವೂ ಇರಲೇಬೇಕು.

ಸೋಗೆ ಅಂದಾಗ ಇನ್ನೊಂದು ಮಾತು. ಕಬ್ಬು ಕಡಿಯುವಾಗ ಗದ್ದೆಯಲ್ಲಿ ಕಂದು ಮೊಲದ ಮರಿ ಸಿಗುತ್ತವೆ, ಹೇಗೂ ಗೂಡಿದೆಯಲ್ಲ ಅಂತ ಮಕ್ಕಳು ತಂದು ಬಿಡುತ್ತಾರೆ. ಅದು ಬೇರೆಯೇ ಜಾತಿ, ಗೂಡಿನಲ್ಲಿ ಬದುಕುವುದೂ ಕಷ್ಟ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ, ಹಿಡಿದು ಸಾಕುವ ಹಾಗಿಲ್ಲ. ತಾಯಿ ಸಂಜೆ ಹುಡುಕಿಕೊಂಡು ಬರುತ್ತದೆ, ಸಿಕ್ಕ ಜಾಗದ ಪಕ್ಕದ ಬದುವಿನಲ್ಲೇ ಬಿಡಿ.

ಹೊಸ ಜಾಗಕ್ಕೆ ಬಂದ ಮೊದಲ ವಾರ ಬೆಳಿಗ್ಗೆ ಎದ್ದ ಕೂಡಲೇ ಪ್ರತಿ ಗೂಡಿನ ಕೆಳಗೂ ನೋಡಿ. ದುಂಡನೆಯ ಒಣ ಹಿಕ್ಕೆ ರಾಶಿ ಬಿದ್ದಿದ್ದರೆ ನೆಮ್ಮದಿ. ಹಿಕ್ಕೆ ಸಣ್ಣದಾಗಿ, ಕಡಿಮೆಯಾಗಿ, ರಾತ್ರಿಯ ಮೇವು ಹಾಗೇ ಉಳಿದಿದ್ದರೆ ಸಂಜೆಯವರೆಗೆ ಕಾಯಬೇಡಿ. ಅರ್ಧ ದಿನ ತಿನ್ನದ ಮೊಲದ ಕರುಳು ನಿಂತುಹೋಗುತ್ತದೆ, ಅವತ್ತೇ ಪಶುವೈದ್ಯರ ಹತ್ತಿರ ಹೋಗಿ. ಬಿಸಿಲಿಗೆ ಬಳಲಿದ್ದರೆ ಕಿವಿಗೆ ನೀರು ಸವರಿ, ನೀರು ತುಂಬಿ ಫ್ರಿಜ್ಜಿನಲ್ಲಿಟ್ಟು ಮಂಜುಗಡ್ಡೆ ಮಾಡಿದ ಬಾಟಲಿಯನ್ನು ಬಟ್ಟೆ ಸುತ್ತಿ ಪಕ್ಕಕ್ಕೆ ಇಡಿ. ಇಡೀ ಮೈಯನ್ನು ತಣ್ಣೀರಿನಲ್ಲಿ ಮುಳುಗಿಸಬೇಡಿ.

ಮರಿ ಮಾಡಿಸುವ ಆತುರವೂ ಬೇಡ. ಬೇಸಿಗೆಯ ಝಳ ತಿಂದ ಗಂಡಿನಲ್ಲಿ ಒಂದೂವರೆ ಎರಡು ತಿಂಗಳು ಶಕ್ತಿ ಇರುವುದಿಲ್ಲ, ಹೆಣ್ಣಿಗೆ ಬಿಟ್ಟರೂ ಗಬ್ಬ ನಿಲ್ಲುವುದಿಲ್ಲ. ನಾವು ಜೂನ್ ಕೊನೆಯವರೆಗೆ ಕಾದೆವು. ಮಳೆ ಹಿಡಿದು ಹೊಂಗೆಯ ಕೆಳಗೆ ತಣ್ಣಗಾದ ಮೇಲೆ ಒಂದು ಬೆಳಿಗ್ಗೆ ಹೆಣ್ಣನ್ನೇ ಗಂಡಿನ ಗೂಡಿಗೆ ತಂದು ಬಿಟ್ಟೆವು. ಜುಲೈ ಕೊನೆಯಲ್ಲಿ ಅದು ಎದೆಯ ಕೂದಲು ಕಿತ್ತು, ಮರಿ ಹಾಕಲು ಇಟ್ಟಿದ್ದ ಪೆಟ್ಟಿಗೆಯಲ್ಲಿ ಹಾಸತೊಡಗಿತು. ಮಾರನೆಯ ದಿನ ಅಮ್ಮ ಆ ಕೂದಲನ್ನು ಮೆಲ್ಲಗೆ ಸರಿಸಿ ನೋಡಿದಾಗ ಏಳು ಮರಿ ಇದ್ದವು.